ರಂಗಸ್ಥಳದ ಸಮತೆಯೂ ಪಂಕ್ತಿಯ ಸಮತೆಯೂ

ಕಲೆಯು ಮನುಷ್ಯರನ್ನು ಒಂದುಗೂಡಿಸುವುದೆಂಬ ಮಾತು ಇಂದು ಸಭೆಸಭೆಗಳಲ್ಲಿ ಕೇಳಿಬರುತ್ತಿದೆ. ಮಹಾವಿದ್ಯಾಲಯಗಳ ವಾರ್ಷಿಕೋತ್ಸವಗಳಲ್ಲಿ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಈ ಮಾತನ್ನಾಡದೆ ಆಸನಕ್ಕೆ ಮರಳುವುದೇ ಅಪರೂಪ. ಮಾತು ಒಳ್ಳೆಯದೇ ಸರಿ. ಆದರೆ ಒಳ್ಳೆಯ ಮಾತನ್ನು ಒರೆಗಲ್ಲಿಗೆ ಹಚ್ಚದೆ ಒಪ್ಪಿಕೊಳ್ಳುವುದು ನುಡಿಗೂ ನಡೆಗೂ ಅಂತರವಿರಬಾರದೆಂದು ಬೋಧಿಸಿದ ಶರಣರ ಮಾರ್ಗಕ್ಕೆ ತಕ್ಕುದಲ್ಲ. ಆದುದರಿಂದ ಉನ್ನತ ವಿದ್ಯೆಯ ಮನೆಗಳಲ್ಲಿ ಕಲೆಯಿಂದ ಸಮತೆ ಬೆಳೆಯುವುದೇ, ಬೆಳೆಯುವುದಾದರೆ ಯಾವ ನಿಯಮಕ್ಕೆ ಒಳಪಟ್ಟು ಬೆಳೆಯುವುದು ಎಂಬುದನ್ನು ಇಲ್ಲಿ ಕೊಂಚ ವಿಚಾರಿಸೋಣ.

ಈ ವಿಚಾರಕ್ಕೆ ನನ್ನನ್ನು ಎಳೆದು ತಂದುದು ಯಾವ ಗ್ರಂಥವೂ ಅಲ್ಲ. ಕರಾವಳಿಯಲ್ಲಿ ಕಂಡ ಒಂದು ಸಣ್ಣ ಪ್ರಸಂಗ. ನನ್ನ ತಂಗಿಯ ಮಗನು ಉದ್ಯೋಗನಿಮಿತ್ತವಾಗಿ ಉಡುಪಿಯ ಸಮೀಪದ ಕಲ್ಯಾಣಪುರದಲ್ಲಿ ಮನೆಮಾಡಿಕೊಂಡಿದ್ದಾನೆ. ಊರಿನ ಹೆಸರೇ ನನ್ನನ್ನು ಅಲ್ಲಿಗೆ ಸೆಳೆಯಿತೆಂದರೆ ತಪ್ಪಾಗಲಾರದು. ಕಲ್ಯಾಣವೆಂದರೆ ನಮಗೆ ಬಸವಣ್ಣನವರ ಕಲ್ಯಾಣ. ಬೀದರದ ಸೀಮೆಯ ಆ ಕಲ್ಯಾಣಕ್ಕೂ ಸುವರ್ಣಾ ನದಿಯ ತಡಿಯ ಈ ಕಲ್ಯಾಣಪುರಕ್ಕೂ ನೂರಾರು ಮೈಲಿಗಳ ಅಂತರವಿದೆ. ವೀರಶೈವರಾದ ಕೆಳದಿಯ ಅರಸರು ಹಿಂದೆ ಈ ಕರಾವಳಿಯನ್ನು ಆಳಿದುದುಂಟು. 1678ರಲ್ಲಿ ಸ್ಥಾಪಿತವಾದ ಮಿಲಾಗ್ರಿಸ್ ಇಗರ್ಜಿಯು ಇಲ್ಲಿದೆ. ಅದರ ಹೆಸರಿನ ಮಹಾವಿದ್ಯಾಲಯವು 1967ರಿಂದ ನಡೆದುಬಂದಿದೆ. ಬೀದಿಯಲ್ಲಿ ನಿಂತರೆ ತುಳು, ಕೊಂಕಣಿ, ಕನ್ನಡ ಮೂರೂ ಒಂದೇ ಗಳಿಗೆಯಲ್ಲಿ ಕಿವಿಗೆ ಬೀಳುತ್ತವೆ. ಮೀನುಗಾರರ ಮಗಳೂ ಗದ್ದೆಯ ಒಕ್ಕಲಿನ ಮಗನೂ ಒಂದೇ ಬಸ್ಸಿನಲ್ಲಿ ಪುಸ್ತಕ ಹಿಡಿದು ಹೋಗುವುದನ್ನು ಕಂಡು, ಹೆಸರಿಗೆ ತಕ್ಕ ಊರು ಎಂದು ಮನಸ್ಸಿನಲ್ಲಿಯೇ ಹಿಗ್ಗಿದೆನು.

ಅಲ್ಲಿದ್ದಾಗ ಆ ಜಿಲ್ಲೆಯ ಒಂದು ವಿದ್ಯಾಸಂಸ್ಥೆಯ ಉತ್ಸವಕ್ಕೆ ಅಳಿಯನು ನನ್ನನ್ನು ಕರೆದೊಯ್ದನು. ಸಂಸ್ಥೆಯ ಹೆಸರು ಇಲ್ಲಿ ಅನಾವಶ್ಯಕ. ಇಂಥದು ಎಲ್ಲಿಯೂ ನಡೆಯಬಹುದಾದುದು. ಅಂದಿನ ಕಾರ್ಯಕ್ರಮಕ್ಕೆ 'ನಮ್ಮ ಸಂಸ್ಕೃತಿ, ನಮ್ಮ ಐಕ್ಯ' ಎಂದು ಹೆಸರಿಟ್ಟಿದ್ದರು. ಅತಿಥಿಗಳ ಮುಂದೆ ಮೆರವಣಿಗೆ ಹೊರಟಿತು. ಎಲ್ಲರಿಗಿಂತ ಮುಂದೆ ಕೊರಗ ಸಮುದಾಯದ ಯುವಕನೊಬ್ಬನು ಡೋಲು ಬಾರಿಸುತ್ತ ನಡೆದನು. ಅವನು ಹೊರಗಿನಿಂದ ಬಂದ ವಾದ್ಯಗಾರನಲ್ಲ, ಅದೇ ಸಂಸ್ಥೆಯಲ್ಲಿ ಪದವಿಗೆ ಓದುವ ವಿದ್ಯಾರ್ಥಿ. ಡೋಲಿನ ಗತ್ತು ಎದೆಗೆ ತಾಗುವಂತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆನು.

ಮಧ್ಯಾಹ್ನದ ಊಟದ ಹೊತ್ತಿಗೆ ಆ ಯುವಕನು ಪಂಕ್ತಿಯಲ್ಲಿ ಕಾಣಲಿಲ್ಲ. ಕೈತೊಳೆಯಲು ಹಿತ್ತಲಿನ ಕಡೆಗೆ ಹೋದಾಗ ಅವನು ಹಲಸಿನ ಮರದ ಕೆಳಗೆ ಡೋಲನ್ನು ಪಕ್ಕದಲ್ಲಿಟ್ಟುಕೊಂಡು ಒಬ್ಬನೇ ಕುಳಿತಿದ್ದನು. 'ಊಟವಾಯಿತೇನಪ್ಪಾ?' ಎಂದು ಕೇಳಿದೆನು. 'ಆಮೇಲೆ ಮಾಡುತ್ತೇನೆ ಸರ್' ಎಂದನು. ಯಾರೂ ಅವನಿಗೆ ಬೇರೆ ಕುಳಿತುಕೊಳ್ಳೆಂದು ಹೇಳಿರಲಿಲ್ಲ. ಬಾ ಎಂದು ಕರೆದವರೂ ಇರಲಿಲ್ಲ. ಮಾತಿಗೆಳೆದಾಗ ತಿಳಿದುಬಂದುದಿಷ್ಟು: ಅವನಿಗೆ ಭಾವಗೀತೆ ಹಾಡುವುದರಲ್ಲಿ ಆಸೆ, ನಾಟಕದಲ್ಲಿ ಪಾತ್ರ ಬೇಕೆಂದು ಹೆಸರನ್ನೂ ಕೊಟ್ಟಿದ್ದನು. ಆದರೆ 'ನಿಮ್ಮದು ಡೋಲಲ್ಲವೇ, ಅದನ್ನೇ ತಾ, ಚೆನ್ನಾಗಿ ಕಾಣುತ್ತದೆ' ಎಂದು ಹೇಳಿದರಂತೆ. 'ನನ್ನ ಅಜ್ಜ ಡೋಲು ಬಾರಿಸಬಾರದೆಂದೇ ನನ್ನನ್ನು ಓದಲು ಕಳಿಸಿದ್ದು ಸರ್' ಎಂದು ಅವನು ನಕ್ಕನು. ಆ ನಗೆಗೆ ಉತ್ತರ ಕೊಡುವ ವಿದ್ಯೆ ನನ್ನಲ್ಲಿರಲಿಲ್ಲ.

ಈ ಮಾತಿನ ಭಾರವನ್ನು ತಿಳಿಯಬೇಕಾದರೆ ಕರಾವಳಿಯ 'ಅಜಲು' ಎಂಬ ಕಟ್ಟಳೆಯನ್ನು ತಿಳಿದಿರಬೇಕು. ಕೊರಗರನ್ನು ಮನುಷ್ಯರಿಗಿಂತ ಕೆಳಗಿನವರೆಂದು ಎಣಿಸಿ, ಕರೆ ಬಂದಾಗ ಡೋಲು ಬಾರಿಸಲೇಬೇಕೆಂದು ವಿಧಿಸುವುದು. ಅನ್ಯರ ರೋಗರುಜಿನ ಕಳೆಯಲೆಂದು ಅವರ ಕೂದಲು ಉಗುರುಗಳನ್ನು ಬೆರೆಸಿದ ಅನ್ನವನ್ನು ಇವರಿಗೆ ಉಣಿಸುವುದು: ಇವೆಲ್ಲ ಆ ಕಟ್ಟಳೆಯ ಅಂಗಗಳು. ಕರ್ನಾಟಕದ ಶಾಸನಸಭೆಯು 2000ದಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿ ಇದನ್ನು ನಿಷೇಧಿಸಿತು. ಆದರೆ ಕಾಯಿದೆಯು ಬೀದಿಯಿಂದ ಓಡಿಸಿದುದು ಸಂಸ್ಕೃತಿಯ ಹೆಸರು ಹೊತ್ತು ವಿದ್ಯಾಲಯದ ಹೆಬ್ಬಾಗಿಲಿನಿಂದ ಒಳಗೆ ಬಂದರೆ ಅದನ್ನು ಗುರುತಿಸುವವರಾರು? ಕರೆದವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಅವರು ಗೌರವಿಸುತ್ತಿದ್ದೇವೆಂದೇ ನಂಬಿದ್ದರು. ಕೇಡಿಲ್ಲದ ಮನಸ್ಸಿನಿಂದ ಆದ ನೋವನ್ನು ವಿಚಾರಿಸುವುದೇ ಧರ್ಮಸೂಕ್ಷ್ಮದ ಕೆಲಸ.

ಹಾಗಾದರೆ ಡೋಲು ಕೀಳೇ? ಎಂದು ಕೆಲವರು ಆಕ್ಷೇಪಿಸಬಹುದು. ಎಂದಿಗೂ ಅಲ್ಲ. 1993ರ ಆಗಸ್ಟ್ 18ರಂದು ಕೊರಗರು ಭೂಮಿಗಾಗಿ ಮಂಗಳೂರಿನಲ್ಲಿ ಮೆರವಣಿಗೆ ನಡೆಸಿ ಲಾಠಿಯೇಟು ತಿಂದರು. ಆ ದಿನದ ನೆನಪಿಗೆ ಅವರು ಆಚರಿಸುವ ಭೂಮಿಹಬ್ಬದಲ್ಲಿ ಇದೇ ಡೋಲು ಮೊಳಗುತ್ತದೆ. ಅಲ್ಲಿ ಬಾರಿಸುವವರೂ ಅವರೇ, ಕೇಳುವವರೂ ಅವರೇ, ಕರೆದವರೂ ಅವರೇ. ಚರ್ಮ ಒಂದೇ, ಕೋಲು ಒಂದೇ, ಗತ್ತು ಒಂದೇ; ಒಂದೆಡೆ ಅದು ದಾಸ್ಯ, ಇನ್ನೊಂದೆಡೆ ಹಬ್ಬ. ಈ ಭೇದವನ್ನು ಉಂಟುಮಾಡುವುದು ಕರೆ. ಇಲ್ಲವೆನ್ನುವ ಸ್ವಾತಂತ್ರ್ಯ ಇದ್ದವನು ಹೌದೆಂದಾಗ ಮಾತ್ರ ಅವನ ಕಲೆಯು ಕಲೆಯಾಗುತ್ತದೆ.

ನಮ್ಮ ಶರಣಪರಂಪರೆಯು ಈ ವಿಷಯದಲ್ಲಿ ಏನನ್ನು ಮಾಡಿ ತೋರಿಸಿತೆಂಬುದನ್ನು ನೋಡೋಣ. ಅನುಭವಮಂಟಪದಲ್ಲಿ ಮಂತ್ರಿಗಳೂ ಒಕ್ಕಲಿಗರೂ ಅಂಬಿಗರೂ ಇದ್ದರೆಂಬುದನ್ನು ನಾವು ಪದೇಪದೇ ಹೇಳುತ್ತೇವೆ. ಅಲ್ಲಿ ಕಲಾವಿದರೂ ಇದ್ದರೆಂಬುದನ್ನು ಮರೆಯುತ್ತೇವೆ. ಢಕ್ಕೆಯನ್ನು ಬಾರಿಸುತ್ತಿದ್ದ ಢಕ್ಕೆಯ ಬೊಮ್ಮಣ್ಣನಿದ್ದನು. ವೇಷ ಹಾಕಿ ಜೀವಿಸುತ್ತಿದ್ದ ಬಹುರೂಪಿ ಚೌಡಯ್ಯನಿದ್ದನು. ಜನರನ್ನು ನಗಿಸುವುದನ್ನೇ ಕಾಯಕ ಮಾಡಿಕೊಂಡ ನಗೆಯ ಮಾರಿತಂದೆಯಿದ್ದನು. ಕಿನ್ನರಿ ನುಡಿಸುವ ಬೊಮ್ಮಯ್ಯನಿದ್ದನು. ಇವರೆಲ್ಲ ಆ ಸಭೆಗೆ ಮನರಂಜನೆ ಒದಗಿಸಲು ಬಂದವರಲ್ಲ. ಅವರು ಅಲ್ಲಿ ಕುಳಿತರು, ಪ್ರಶ್ನಿಸಿದರು, ವಚನ ರಚಿಸಿದರು. ಢಕ್ಕೆಯವನು ಢಕ್ಕೆಯನ್ನು ಬಿಡಬೇಕೆಂದು ಯಾರೂ ಹೇಳಲಿಲ್ಲ. ಢಕ್ಕೆಯೊಂದೇ ನಿನ್ನ ಮಾತೆಂದೂ ಯಾರೂ ಹೇಳಲಿಲ್ಲ. ಅವನ ಕಾಯಕಕ್ಕೂ ಗೌರವ, ಅವನ ವಿಚಾರಕ್ಕೂ ಆಸನ. ಈ ಎರಡೂ ಕೂಡಿದಾಗ ಮಾತ್ರ ಮನುಷ್ಯನಿಗೆ 'ಇದು ನನ್ನದು' ಎಂಬ ಭಾವ ಹುಟ್ಟುವುದು.

ಇದಕ್ಕೆ ಪ್ರತಿಯಾಗಿ ನಾಟ್ಯಶಾಸ್ತ್ರದ ಕಥೆಯನ್ನು ಸ್ಮರಿಸಬಹುದು. ವೇದವನ್ನು ಕೇಳಲು ಅಧಿಕಾರವಿಲ್ಲದವರೂ ಸೇರಿ ಸರ್ವವರ್ಣಗಳಿಗೂ ಸಲ್ಲುವಂತೆ ಬ್ರಹ್ಮನು ನಾಟ್ಯವೆಂಬ ಐದನೆಯ ವೇದವನ್ನು ನಿರ್ಮಿಸಿದನೆಂದು ಭರತಮುನಿಯ ಗ್ರಂಥದ ಆರಂಭದಲ್ಲಿದೆ. ಅದೇ ಗ್ರಂಥದ ಕೊನೆಯಲ್ಲಿ, ಋಷಿಗಳನ್ನು ಅಣಕಿಸಿ ಆಡಿದರೆಂಬ ಕಾರಣದಿಂದ ಭರತನ ಮಕ್ಕಳಾದ ನಟರು ಶಾಪಕ್ಕೆ ಗುರಿಯಾಗಿ ಕೆಳಗಿನ ವರ್ಣಕ್ಕೆ ಇಳಿದರೆಂದೂ ಇದೆ. ಆಟ ಎಲ್ಲರಿಗೂ ಬೇಕು. ಆಡುವವನು ಮಾತ್ರ ಕೆಳಗೆ ಕೂಡಬೇಕು! ಈ ವೈಪರೀತ್ಯವು ಆ ಗ್ರಂಥಕ್ಕೆ ಮಾತ್ರ ಸೇರಿದುದಲ್ಲ. ನಮ್ಮ ಸಮಾಜದ ಬೆನ್ನಿಗೆ ಅಂಟಿಕೊಂಡು ಬಂದುದು. ಹಾಡಿಗೆ ತಲೆದೂಗಿ ಹಾಡುಗಾರನಿಗೆ ಜಗಲಿ ತೋರಿಸಿದ ಮನೆಗಳು ಎಷ್ಟಿಲ್ಲ?

ಇಲ್ಲಿ ಎರಡನೆಯ ಆಕ್ಷೇಪವೊಂದು ಬರುತ್ತದೆ. 'ಸಮತೆ ಬರುವುದು ಹಾಡು ಕುಣಿತಗಳಿಂದಲ್ಲ. ಬಡವರ ಮಕ್ಕಳಿಗೆ ಪ್ರವೇಶ ದೊರೆಯಬೇಕು, ವಿದ್ಯಾರ್ಥಿನಿಲಯ ಬೇಕು, ಶುಲ್ಕಕ್ಕೆ ಹಣ ಬೇಕು. ಉಳಿದುದೆಲ್ಲ ಶೃಂಗಾರ' ಎಂದು ಅನುಭವಿಗಳು ಹೇಳುತ್ತಾರೆ. ಈ ಮಾತಿನಲ್ಲಿ ಬಹುಪಾಲು ಸತ್ಯವಿದೆ. ಹಸಿದವನಿಗೆ ರಾಗವನ್ನು ಬಡಿಸಲಾಗದು. ವಿಶ್ವವಿದ್ಯಾಲಯಗಳ ಅನುದಾನ ಆಯೋಗವು 2012ರಲ್ಲಿ ಉನ್ನತ ಶಿಕ್ಷಣಸಂಸ್ಥೆಗಳಲ್ಲಿ ಸಮತೆಯನ್ನು ಕಾಪಾಡಲು ನಿಯಮಗಳನ್ನು ಹೊರಡಿಸಿತೆಂಬುದೇ ಇಂತಹ ನಿಯಮದ ಅಗತ್ಯವನ್ನು ಸಾರುತ್ತದೆ. ಆದರೆ ನಿಯಮವು ಬಾಗಿಲನ್ನು ತೆರೆಸಬಲ್ಲುದು. ಒಳಗೆ ಬಂದವನಿಗೆ ಮಣೆಹಾಕಿ ಕುಳ್ಳಿರಿಸುವುದು ಮನುಷ್ಯರ ಕೆಲಸ. ಮರದ ಕೆಳಗೆ ಕುಳಿತ ಆ ಯುವಕನಿಗೆ ಪ್ರವೇಶವೂ ಸಿಕ್ಕಿತ್ತು, ವಿದ್ಯಾರ್ಥಿವೇತನವೂ ಸಿಕ್ಕಿತ್ತು. ಸಿಗದೆ ಹೋದುದು ಪಂಕ್ತಿಯಲ್ಲಿ ಒಂದು ಎಲೆ.

ಹಣವೂ ಮನ್ನಣೆಯೂ ಕಲೆಯ ಮೂಲಕವೇ ಕೂಡಿ ಹರಿದ ಉದಾಹರಣೆಯನ್ನು ಅದೇ ಉಡುಪಿಯಲ್ಲಿ ಕಂಡೆನು. 1975ರಲ್ಲಿ ಯಕ್ಷಗಾನದ ಅಭಿಮಾನಿಗಳು ಸೇರಿ ಕಟ್ಟಿದ ಯಕ್ಷಗಾನ ಕಲಾರಂಗವೆಂಬ ಸಂಸ್ಥೆಯು ಆಟ ಕೂಟಗಳನ್ನು ನಡೆಸುವುದರಲ್ಲಿಯೇ ತೃಪ್ತಿ ಹೊಂದಲಿಲ್ಲ. ರಾತ್ರಿಯೆಲ್ಲ ರಾಜನಾಗಿ ಮೆರೆದ ಕಲಾವಿದನು ಬೆಳಿಗ್ಗೆ ಯಾವ ಮನೆಗೆ ಮರಳುತ್ತಾನೆಂದು ಅವರು ವಿಚಾರಿಸಿದರು. ಕಲಾವಿದರ ಕಷ್ಟಕಾಲಕ್ಕೆಂದು ಯಕ್ಷನಿಧಿ ಹುಟ್ಟಿತು. ಬಡ ವಿದ್ಯಾರ್ಥಿಗಳ ಕಾಲೇಜು ವಿದ್ಯಾಭ್ಯಾಸಕ್ಕೆಂದು ವಿದ್ಯಾಪೋಷಕವೆಂಬ ಯೋಜನೆ ಹುಟ್ಟಿತು. ಅರ್ಜಿಯನ್ನು ಓದಿ ಹಣ ಕಳಿಸಿ ಕೈತೊಳೆದುಕೊಳ್ಳುವ ಕ್ರಮ ಅವರದಲ್ಲ. ಕಾರ್ಯಕರ್ತರು ವಿದ್ಯಾರ್ಥಿಯ ಮನೆಗೇ ಹೋಗಿ ಕುಳಿತು ನೋಡುತ್ತಾರೆ. ಹಾಗೆ ಹೋದಾಗ ಓದುವ ಮಗುವಿನ ತಲೆಯ ಮೇಲೆ ಸರಿಯಾದ ಮಾಡಿಲ್ಲವೆಂದು ಕಂಡಲ್ಲಿ ದಾನಿಗಳನ್ನು ಹುಡುಕಿ ಮನೆಯನ್ನೇ ಕಟ್ಟಿಸಿಕೊಟ್ಟಿದ್ದಾರೆ. ವೇಷಕ್ಕೆ ತಲೆದೂಗಿದವರು ವೇಷಧಾರಿಯ ಹೊಸ್ತಿಲನ್ನು ತುಳಿದರು. ಅಲ್ಲಿಂದ ನೆರೆಮನೆಯ ವಿದ್ಯಾರ್ಥಿಯ ಹೊಸ್ತಿಲಿಗೂ ನಡೆದರು. ಇದನ್ನು ನಾನು ದಾಸೋಹವೆಂದೇ ಕರೆಯುತ್ತೇನೆ.

ಮೂರನೆಯ ಆಕ್ಷೇಪ ಯೋಗ್ಯತೆಯದು. 'ಪಾತ್ರವನ್ನು ಬಲ್ಲವನಿಗೆ ಕೊಡಬೇಕಲ್ಲದೆ ಸಮತೆಯ ನೆಪದಿಂದ ಹಂಚಿದರೆ ಕಲೆ ಕೆಡುವುದಿಲ್ಲವೇ?' ಎನ್ನುವರು. ಕೆಡುವುದು ನಿಜ. ಆದರೆ ಬಲ್ಲವನಾಗುವುದಾದರೂ ಹೇಗೆ? ಯಕ್ಷಗಾನದ ಸಾಂಪ್ರದಾಯಿಕ ಕ್ರಮವನ್ನು ನೋಡಿರಿ. ಬಡಗುತಿಟ್ಟಿನಲ್ಲಿ ಹೊಸಬನು ಕೋಡಂಗಿಯಾಗಿ ಕುಣಿಯಲು ತೊಡಗಬೇಕು, ಬಳಿಕ ಬಾಲಗೋಪಾಲ, ಬಳಿಕ ಪೀಠಿಕೆಯ ಸ್ತ್ರೀವೇಷ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಎರಡನೆಯ ವೇಷಕ್ಕೆ ತಲಪಬೇಕು. ಕೋಡಂಗಿಯಾಗದೆ ಯಾರೂ ರಾಜನಾಗರು. ಈ ಏಣಿಯಲ್ಲಿ ಯೋಗ್ಯತೆಗೂ ನ್ಯಾಯವಿದೆ, ಸಮತೆಗೂ ನ್ಯಾಯವಿದೆ. ಆದರೆ ಏಣಿಯ ಬುಡಕ್ಕೆ ಬರಲು ಎಲ್ಲರಿಗೂ ದಾರಿಯಿರಬೇಕು. ಮೇಳಗಳ ಚೌಕಿಯ ಬಾಗಿಲು ಎಲ್ಲ ಕಾಲಕ್ಕೂ ಎಲ್ಲರಿಗೂ ತೆರೆದಿರಲಿಲ್ಲ. ಹೆಣ್ಣುಮಕ್ಕಳಂತೂ ಬಹುಕಾಲ ಹೊರಗೇ ನಿಂತು ನೋಡಿದರು. ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಮಹಾವಿದ್ಯಾಲಯವು 1949ರಲ್ಲಿ ಹುಟ್ಟಿತು. ಡಾಕ್ಟರ್ ಶಿವರಾಮ ಕಾರಂತರ ಪ್ರಯತ್ನದೊಂದಿಗೆ, ಆ ವಿದ್ಯಾಲಯದ ಆಶ್ರಯದಲ್ಲಿ 1970ರ ದಶಕದ ಆರಂಭದಲ್ಲಿ ಯಕ್ಷಗಾನ ಕೇಂದ್ರವು ನೆಲೆಗೊಂಡಿತು. ಗುರುಕುಲದ ರೀತಿಯಲ್ಲಿ ಮಕ್ಕಳು ಅಲ್ಲಿಯೇ ಉಂಡು ಮಲಗಿ ಕಲಿಯುವ ವ್ಯವಸ್ಥೆ ಬಂದಿತು. ಶಾಲೆಯ ಓದು ಹೆಚ್ಚಿಲ್ಲದೆ, ಬಡತನದಲ್ಲಿ ಹೋಟೆಲಿನ ಚಾಕರಿ ಮಾಡಿ ಬಂದ ಬನ್ನಂಜೆ ಸಂಜೀವ ಸುವರ್ಣರು ಅಲ್ಲಿಯೇ ಗುರುಸ್ಥಾನಕ್ಕೇರಿ, ಪದವೀಧರರಿಗೂ ದೆಹಲಿಯ ನಾಟಕಶಾಲೆಯವರಿಗೂ ಹೆಜ್ಜೆ ಕಲಿಸಿದರು. ಏಣಿಯ ಬುಡವನ್ನು ತೆರೆದಿಟ್ಟುದರ ಫಲವಿದು.

ನಮ್ಮ ಮಠಗಳ ಇತಿಹಾಸದಲ್ಲಿಯೂ ಇಂತಹ ಬೆಳಕು ಉಂಟು. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಿಂದ ಸಂಗೀತ ಕಲಿತ ಪಂಚಾಕ್ಷರಿ ಗವಾಯಿಗಳು (1892–1944) ಹುಟ್ಟುಕುರುಡರು. ಅವರು ಅಂಧರನ್ನೂ ಅನಾಥರನ್ನೂ ಕರೆದು ಅನ್ನವನ್ನೂ ಸಂಗೀತವನ್ನೂ ಒಂದೇ ಕೈಯಿಂದ ಬಡಿಸಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿ, ನಾಟಕ ಮಂಡಳಿಯನ್ನು ನಡೆಸಿ, ಅದರ ಗಳಿಕೆಯಿಂದಲೂ ಆಶ್ರಮದ ಒಲೆಯನ್ನು ಉರಿಸಿದರು. ಅಲ್ಲಿ ಸ್ವರ ಕೇಳಿದರೇ ಹೊರತು ಜಾತಿ ಕೇಳಲಿಲ್ಲ. ಸಾಣೇಹಳ್ಳಿಯ ಮಠದಲ್ಲಿ 1987ರಲ್ಲಿ ಹುಟ್ಟಿದ ಶಿವಕುಮಾರ ಕಲಾಸಂಘವೂ 1997ರಿಂದ ಊರೂರು ತಿರುಗುತ್ತಿರುವ ಶಿವಸಂಚಾರವೂ ಇದೇ ದಾರಿಯ ಮುಂದುವರಿಕೆ.

ಹೀಗೆ ಪರರ ಗುಣದೋಷಗಳನ್ನು ಎಣಿಸುತ್ತ ಕುಳಿತ ನನಗೆ ಕಲ್ಯಾಣಪುರದಿಂದ ಮರಳುವ ಬಸ್ಸಿನಲ್ಲಿ ನನ್ನದೇ ಒಂದು ದೋಷವು ಎದುರಾಗಿ ನಿಂತಿತು. ಅದನ್ನು ಇಲ್ಲಿ ಒಪ್ಪಿಕೊಳ್ಳದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ.

ನಾನು ಕಲಿಸುವ ಪಾಠಶಾಲೆಯಲ್ಲಿ ಪ್ರತಿವರ್ಷ ಬಸವ ಜಯಂತಿಗೆ ಕಲ್ಯಾಣದ ಕಥೆಯನ್ನು ನಾಟಕವಾಡಿಸುವ ವಾಡಿಕೆ. ಪಾತ್ರ ಹಂಚುವವನು ನಾನೇ. ಇಪ್ಪತ್ತಕ್ಕೂ ಮೇಲ್ಪಟ್ಟು ವರ್ಷಗಳಿಂದ ಬಸವಣ್ಣನವರ ಪಾತ್ರವು ಊರಿನ ಪ್ರತಿಷ್ಠಿತ ಮನೆಯ ಒಬ್ಬ ಹುಡುಗನಿಗೆ. ಮಧುವರಸನ ಪಾತ್ರವು ಇನ್ನೊಂದು ಅನುಕೂಲಸ್ಥ ಮನೆಯವನಿಗೆ. ಹರಳಯ್ಯನ ಪಾತ್ರವು ಕೇರಿಯಿಂದ ಬರುವ ಹುಡುಗನಿಗೆ. ಹೀಗೆ ಮಾಡಬೇಕೆಂದು ನಾನು ಎಂದೂ ಸಂಕಲ್ಪಿಸಿರಲಿಲ್ಲ. 'ಅವನಿಗೆ ಸಹಜವಾಗಿ ಒಪ್ಪುತ್ತದೆ' ಎಂದಷ್ಟೇ ತೋರುತ್ತಿತ್ತು. ಜಾತಿಯನ್ನು ಅಳಿಸಿದ ಕಥೆಯನ್ನು ಜಾತಿ ನೋಡಿ ಆಡಿಸಿದ ನನಗೂ, 'ನಿಮ್ಮದು ಡೋಲಲ್ಲವೇ' ಎಂದವರಿಗೂ ಏನು ಅಂತರ? ಅಂಥ ಹರಳಯ್ಯರು ನನ್ನ ಕೈಕೆಳಗೆ ಅದೆಷ್ಟೋ ಮಂದಿ ಹಾದುಹೋಗಿದ್ದಾರೆ. ಅವರಲ್ಲಿ ಒಬ್ಬನಾದರೂ 'ಮೇಷ್ಟ್ರೆ, ನಾನು ಬಸವಣ್ಣ ಆಗಬಹುದೇ?' ಎಂದು ಕೇಳಲಿಲ್ಲ. ಕೇಳಬಹುದೆಂಬ ಧೈರ್ಯವನ್ನು ನಾನು ಕಲಿಸಿರಲಿಲ್ಲವೆಂದೇ ಅದರ ಅರ್ಥ.

ಮುಂದಿನ ಜಯಂತಿಗೆ ಪಾತ್ರಗಳ ಹೆಸರನ್ನು ಚೀಟಿಯಲ್ಲಿ ಬರೆದು ತಂಬಿಗೆಯಲ್ಲಿ ಹಾಕಿಸಿದೆನು. ಎರಡು ವಾರ ಎಲ್ಲ ಹುಡುಗರೂ ಎಲ್ಲ ಪಾತ್ರಗಳ ಮಾತನ್ನು ಕಲಿಯಬೇಕೆಂದೂ, ಅನಂತರ ಚೀಟಿ ಎತ್ತುವುದೆಂದೂ ಗೊತ್ತುಮಾಡಿದೆನು. ಎಲ್ಲರೂ ಕೋಡಂಗಿಯಿಂದಲೇ ತೊಡಗಲಿ ಎಂಬುದು ಯಕ್ಷಗಾನದಿಂದ ಕಲಿತ ಪಾಠ. ಚೀಟಿಯಲ್ಲಿ ಹರಳಯ್ಯನು ಅನುಕೂಲಸ್ಥ ಮನೆಯ ಹುಡುಗನ ಪಾಲಿಗೆ ಬಂದನು. ಅವನ ತಂದೆಯವರು ನಾನು ಗೌರವಿಸುವ ಭಕ್ತರು. ಮನೆಗೆ ಬಂದು, 'ನಾಟಕವೇ ಸರಿ ಮೇಷ್ಟ್ರೆ, ಆದರೂ ಜನ ಏನೆಂದಾರು?' ಎಂದರು. 'ಹರಳಯ್ಯನವರಿಗೆ ನಾವು ದಿನವೂ ಶರಣು ಎನ್ನುವುದಿಲ್ಲವೇ?' ಎಂದು ಕೇಳಿದೆನು. ಅವರು ಉತ್ತರ ಹೇಳದೆ ಹೋದರು. ಹುಡುಗನನ್ನು ನಾಟಕದಿಂದ ಬಿಡಿಸಿದರು. ಇನ್ನೊಬ್ಬನು ಆ ಪಾತ್ರವನ್ನು ಮಾಡಿದನು. ಬಸವಣ್ಣನಾದ ಕೇರಿಯ ಹುಡುಗನು ನಡುವೆ ಮಾತು ಮರೆತು ತಡವರಿಸಿದನು. ರಂಗದ ಬದಿಯಿಂದ ಹರಳಯ್ಯನೇ ಪಿಸುಮಾತಿನಲ್ಲಿ ನೆನಪು ಮಾಡಿಕೊಟ್ಟನು. ಇಬ್ಬರಿಗೂ ಎಲ್ಲ ಮಾತೂ ಬರುತ್ತಿದ್ದುದರಿಂದಲೇ ಅದು ಸಾಧ್ಯವಾಯಿತು. ನಾಟಕವು ಹಿಂದಿನ ವರ್ಷಗಳಷ್ಟು ಓರಣವಾಗಿರಲಿಲ್ಲವೆಂದು ಹಲವರೆಂದರು. ನಿಜವಿರಬಹುದು. ಬಿಟ್ಟುಹೋದ ಹುಡುಗನ ವಿಷಯವಾಗಿ ನನಗಿನ್ನೂ ವ್ಯಥೆಯಿದೆ; ಅವನೂ ನನ್ನ ಶಿಷ್ಯನೇ.

ಇಷ್ಟು ವಿಚಾರದಿಂದ ಫಲಿಸುವುದೇನು? ವಿದ್ಯಾಲಯದಲ್ಲಿ ಕಲೆಯು ಸಮತೆಗೆ ಸಾಧನವಾಗುವುದೋ ಇಲ್ಲವೋ ಎಂಬುದನ್ನು ಮೂರು ಪ್ರಶ್ನೆಗಳಿಂದ ಅಳೆಯಬಹುದೆಂದು ನನಗೆ ತೋರುತ್ತದೆ. ಮೊದಲನೆಯದು ಕರೆಯ ಪ್ರಶ್ನೆ: ಕರೆಯಲ್ಪಟ್ಟವನಿಗೆ ಒಲ್ಲೆನೆನ್ನುವ ಸ್ವಾತಂತ್ರ್ಯವಿತ್ತೇ? ಎರಡನೆಯದು ಪಾತ್ರದ ಪ್ರಶ್ನೆ: ಅವನು ಹುಟ್ಟಿದ ಕುಲದ ಗುರುತನ್ನೇ ಹೊತ್ತು ತರಬೇಕೆಂದು ಕೇಳಿದೆವೋ, ಅಥವಾ ಕಲಿತು ಏನಾಗಬಯಸುವನೋ ಅದಕ್ಕೆ ಎಡೆಮಾಡಿಕೊಟ್ಟೆವೋ? ಮೂರನೆಯದು ಪಂಕ್ತಿಯ ಪ್ರಶ್ನೆ: ಪರದೆ ಬಿದ್ದ ಮೇಲೆ ಅವನು ಯಾರ ಪಕ್ಕದಲ್ಲಿ ಕುಳಿತು ಉಂಡನು? ಇವುಗಳಲ್ಲಿ ಮೂರನೆಯದೇ ಕಠಿನ. ಕಲ್ಯಾಣದ ಸಮತೆಯು ಮಂಟಪದ ಗೋಷ್ಠಿಯಲ್ಲಿ ಇದ್ದಷ್ಟು ಕಾಲ ಲೋಕವು ಹೇಗೋ ಸಹಿಸಿಕೊಂಡಿತು. ಅದು ಹರಳಯ್ಯ ಮಧುವರಸರ ಮನೆಗಳ ಹೊಸ್ತಿಲನ್ನು ದಾಟಿ ಬೀಗತನವಾದಾಗ ಬಿಜ್ಜಳನ ಆಸ್ಥಾನವು ಕೆರಳಿತೆಂಬುದನ್ನು ನಾವೆಲ್ಲ ಬಲ್ಲೆವು.

ಗೃಹಸ್ಥರಾದ ವಾಚಕರಲ್ಲಿ ಒಂದು ಬಿನ್ನಹ. ನಿಮ್ಮ ಮಕ್ಕಳು ಪಟ್ಟಣದ ಕಾಲೇಜುಗಳಲ್ಲಿ ಓದುತ್ತಿರಬಹುದು. ಉತ್ಸವದಿಂದ ಮನೆಗೆ ಬಂದಾಗ ಬಹುಮಾನ ಬಂತೇ ಎಂದು ಕೇಳುವಿರಷ್ಟೆ, ಕೇಳಿರಿ, ತಪ್ಪಿಲ್ಲ. ಜೊತೆಗೆ, 'ಅಂದು ಯಾರೊಡನೆ ಕುಳಿತು ಊಟ ಮಾಡಿದೆ? ಒಬ್ಬನೇ ಕುಳಿತವರು ಯಾರಾದರೂ ಇದ್ದರೇ?' ಎಂದೂ ಕೇಳಿರಿ. ಎರಡು ಸಲ ಕೇಳಿದರೆ ಮೂರನೆಯ ಸಲಕ್ಕೆ ಮಗುವೇ ನೋಡಲು ಕಲಿಯುತ್ತದೆ.

ಅಂದು ಹಲಸಿನ ಮರದ ಕೆಳಗೆ ನಾನು ಆ ಯುವಕನ ಕೈಹಿಡಿದು, 'ಬಾರಪ್ಪ, ನಾನೂ ಇನ್ನೊಮ್ಮೆ ಮಜ್ಜಿಗೆಯನ್ನ ಉಣ್ಣುತ್ತೇನೆ, ಜೊತೆಗೆ ಕೂಡು' ಎನ್ನಬಹುದಾಗಿತ್ತು. ಹಾಗೆನ್ನದೆ, ಸಮಾಧಾನದ ನಾಲ್ಕು ಮಾತು ಹೇಳಿ ಸಭೆಗೆ ಮರಳಿದೆನು. ವಚನಗಳನ್ನು ಮೂವತ್ತು ವರ್ಷ ಪಾಠ ಹೇಳಿದ ನಾಲಗೆಗೆ ಆ ಒಂದು ಮಾತು ಆ ಹೊತ್ತಿಗೆ ಒದಗಲಿಲ್ಲ. ಮುಂದೊಮ್ಮೆ ಒದಗಲಿ ಎಂದು ಬಸವಾದಿ ಪ್ರಮಥರಲ್ಲಿ ನನ್ನ ಪ್ರಾರ್ಥನೆ.